ಸೆರಗಿನಡಿಯ ಹೆಗಲು

ತಂಗಿಯ ಮಗಳು ವೀಣಾಳ ಬಲಗೈ ಹುಟ್ಟುವಾಗಲೇ ನರ ಜಗ್ಗಿ ಸೋತಿತ್ತು. ಶಾಲೆಗೆ ಹೋಗುವ ವಯಸ್ಸಾದರೂ ತಲೆ ಬಾಚಿಕೊಳ್ಳುವಷ್ಟು ಕೈ ಮೇಲೇಳುತ್ತಿರಲಿಲ್ಲ. ನಾನು ಕರೆದೊಯ್ದು ತೋರಿಸಿದ ಶಿವಮೊಗ್ಗದ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಅರ್ಥವಾಗದ್ದನ್ನು ಮಾಡಿಸುವುದು ಕಾನ್ವೆಂಟಿನಲ್ಲಿ ಓದಿದ ನನಗೆ ಒಗ್ಗದು. ಅವರಿಂದಲೇ ಪುಸ್ತಕ ತಂದು ಹೆಗಲಿನ ಸ್ನಾಯುಗಳನ್ನು ಒಂದೊಂದಾಗಿ ಕಲಿತೆ. ಕೈ ಎತ್ತಬೇಕಾದ ಡೆಲ್ಟಾಯ್ಡ್ ಸ್ನಾಯು ಸೋತಿದ್ದರಿಂದ ಮಗು ಕತ್ತಿನ ಪಕ್ಕದ ಸ್ನಾಯುವಿನಿಂದ ಹೆಗಲನ್ನೇ ಕಿವಿಯತ್ತ ಎಳೆದು, ಕೈ ಎತ್ತಿದಂತೆ ತೋರಿಸುತ್ತಿತ್ತು. ಹೆಗಲನ್ನು ಅದುಮಿ ಹಿಡಿದರೆ ಮಾತ್ರ ಸರಿಯಾದ ಸ್ನಾಯು ಕೆಲಸ ಮಾಡುತ್ತದೆ.

ಇದನ್ನು ತಂಗಿಗೆ ಕಲಿಸಲು ಶಿವಮೊಗ್ಗದ ಗೋಪಾಳದ ನನ್ನ ಮನೆಯಿಂದ ಭದ್ರಾವತಿಯ ಕಾಗದನಗರದ ಅವಳ ಮನೆಗೆ ಹೋದೆ. ಮಗುವಿನ ಕೈ ಎತ್ತಿಸುತ್ತಿದ್ದಾಗ ತಂಗಿಯ ಅತ್ತೆ ಅಡಿಗೆಮನೆಯಿಂದ ಬಂದು ನಿಂತರು.

“ಹುಡುಗಿ ಕಣ್ರೀ, ಪೈಲ್ವಾನ್ ಅಲ್ಲ. ನಾಳೆ ಸೀರೆ ಉಟ್ಟು ಸೆರಗು ಹೊದ್ರೆ ಹೆಗಲು ಯಾರಿಗೆ ಕಾಣುತ್ತೆ?”

“ಕಾಣಲಿ ಅಂತಲ್ಲ, ಅವಳ ಜಡೆ ಅವಳೇ ಹಾಕ್ಕೊಳ್ಳಲಿ ಅಂತ.”

“ಜಡೆ ಹಾಕೋಕೆ ಅವಳಮ್ಮ ಇದ್ದಾಳಲ್ಲ. ದಿನಾ ಮಗೂನ ಅಳಿಸ್ಕೊಂಡು, ಒಲೆ ಬಿಟ್ಟು ಕೂತ್ರೆ ಆಗುತ್ತಾ?”

ತಂಗಿ ತಲೆ ತಗ್ಗಿಸಿ ಎದ್ದು ಒಳಗೆ ಹೋದಳು. ನಾನು ಬಸ್ಸು ಹತ್ತಿದ ಮೇಲೆ ವ್ಯಾಯಾಮವೂ ನಿಂತಿತು.

ಕೆಲವು ವರ್ಷಗಳ ನಂತರ ಆ ಅತ್ತೆಯ ಹೆಗಲೇ ಹಿಡಿದುಕೊಂಡಿತು. “ರವಿಕೆ ಹಾಕೋಕೂ ಆಗ್ತಿಲ್ಲ, ನಿಮ್ಮ ಆ ಎಕ್ಸರ್‌ಸೈಜ್ ಹೇಳಿಕೊಡಿ” ಎಂದು ಫೋನ್ ಮಾಡಿದರು. ಸೆರಗು ಹೊದ್ದುಕೊಳ್ಳಿ ಎನ್ನಬಹುದಿತ್ತು. ನಾನು ಶಿಸ್ತಿನವಳು, ಹೋಗಿ ಕಲಿಸಿದೆ. ಈಗ ದಿನವೂ ತಪ್ಪದೆ ಮಾಡುತ್ತಾರಂತೆ. ಅವರ ಹೆಗಲನ್ನು ಅದುಮಿ ಹಿಡಿಯುವವಳು ವೀಣಾ, ಎಡಗೈಯಲ್ಲಿ.