ಕಂಪ್ಯೂಟರಿಗೆ ಹೊಲಿದ ಗವಸು

ನಮ್ಮ ಸರಸ್ವತಿ ನಗರದ ಮನೆಯಲ್ಲಿ ನಾನೊಬ್ಬಳೇ. ಮಿಕ್ಸಿಗೆ, ಟಿವಿಗೆ ಹೊಲಿದಂತೆ ಹಳೆಯ ಕಂಪ್ಯೂಟರಿನ ಸಿಪಿಯುಗೂ ಗವಸು ಹೊಲಿದು, ಸ್ವಿಚ್ಚಷ್ಟೇ ಹೊರಗೆ ಬಿಟ್ಟಿದ್ದೆ. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟವರು ನನ್ನ ಜೊತೆ ಪಾಠ ಮಾಡುತ್ತಿದ್ದ ಹರಿಹರದ ಟೀಚರು. ಅದು ತೆವಳಿ ತೆವಳಿ ನಿಂತಾಗಲೆಲ್ಲ ಅವರಿಗೆ ಫೋನು ಮಾಡುತ್ತಿದ್ದೆ. ಅವರು ಹೇಳಿದ ಪ್ರೋಗ್ರಾಮುಗಳನ್ನೆಲ್ಲ ತೆಗೆದುಹಾಕಿದರೂ ಅದು ನಿಲ್ಲುತ್ತಲೇ ಇತ್ತು. ನಮ್ಮ ಮಾತು ಮಾತ್ರ ಮೊಣಕಾಲು ನೋವಿನವರೆಗೂ ಹೋಗುತ್ತಿತ್ತು.

ಕೊನೆಗೆ ಅವರೇ ಬಸ್ಸು ಹತ್ತಿ ಬಂದರು.

"ಅಲ್ರೀ ಅಕ್ಕಾ, ಇದಕ್ಕೂ ಯಾರಾದ್ರೂ ಗವಸು ಹಾಕ್ತಾರೇನ್ರಿ? ಗಾಳಿ ಆಡ್ದೆ ಕಾದು ಕೆಂಡ ಆಗೈತೆ, ಅದಕ್ಕೇ ನಿಲ್ತೈತೆ!" ಎಂದು ನಕ್ಕು ಗವಸನ್ನು ಕಿತ್ತು ಹಾಕಿದರು.

ಆಮೇಲೆ ಅದು ಒಮ್ಮೆಯೂ ನಿಲ್ಲಲಿಲ್ಲ. ನೆಪವಿಲ್ಲದೆ ಫೋನು ಮಾಡಲು ನನ್ನ ಬಿಗುಮಾನ ಬಿಡಲಿಲ್ಲ. ತಿಂಗಳು ಕಳೆಯಿತು. ಇವತ್ತು ಗವಸನ್ನು ಒಗೆದು, ಇಸ್ತ್ರಿ ಮಾಡಿ, ಮತ್ತೆ ತೊಡಿಸಿದೆ.