ತೂರಿದ ಮಣ್ಣು

ಲಕಮನಹಳ್ಳಿಯ ಹುಲಿಗೆವ್ವನ ಬಾಯಿಗೆ ಇಡೀ ಓಣಿಯೇ ಹೆದರುತ್ತಿತ್ತು. ಧಾರವಾಡದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಬದುಕುವ ಹೆಂಗಸು. ರೊಟ್ಟಿ ಆರಿದೆ ಎಂದು ತಕರಾರು ತೆಗೆದವರ ವಂಶವನ್ನೆಲ್ಲ ಜಾಲಾಡಿ ಕಳಿಸುತ್ತಿದ್ದಳು. ಆದರೆ ಮನಸ್ಸಿಟ್ಟು ಶಾಪ ಹಾಕಿದ್ದು ಒಬ್ಬನಿಗೇ, ಹನಮೇಶನಿಗೆ.

ಗಂಡ ದ್ಯಾಮಣ್ಣ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಸತ್ತಾಗ ಪಕ್ಕದಲ್ಲಿದ್ದವನು ಹನಮೇಶ. ವಿಚಾರಣೆಯಲ್ಲಿ, ತನ್ನ ನೌಕರಿ ಉಳಿಸಿಕೊಳ್ಳಲು, “ಅಂವಾ ಕುಡದಿದ್ದ” ಅಂದುಬಿಟ್ಟ. ಎಲೆ ಅಡಿಕೆಯನ್ನೂ ಮುಟ್ಟದ ದ್ಯಾಮಣ್ಣ ಊರವರ ಬಾಯಲ್ಲಿ ಕುಡುಕನಾಗಿ ಮಣ್ಣಿಗೆ ಹೋದ. ಹುಲಿಗೆವ್ವ ದ್ಯಾಮವ್ವನ ಗುಡಿಯ ಮುಂದೆ ನಿಂತು ಹಿಡಿ ಹಿಡಿ ಮಣ್ಣು ತೂರಿದಳು. “ಹನಮ್ಯಾ, ಸತ್ತ ಮ್ಯಾಲೂ ನಿನಗ ಹನಿ ನೀರು ಸಿಗದಿರಲಿ. ಎಂದೆಂದಿಗೂ ಸಿಗದಿರಲಿ.” ಆಗ ಹೊಟ್ಟೆ ತಣ್ಣಗಾದದ್ದೂ ನಿಜ.

ವರ್ಷಗಳಾದ ಮೇಲೆ, ಈ ಬೇಸಿಗೆಯಲ್ಲಿ, ಹನಮೇಶನ ಹೆಂಡತಿ ಜಯಾ ಬಾಗಿಲಿಗೆ ಬಂದಳು.

“ಅಕ್ಕಾ, ಗಂಟಲ ಹುಣ್ಣಾಗಿ ಅವರಿಗೆ ಗುಟುಕು ನೀರು ಇಳಿವಲ್ದು. ಸಾವಿಗೆ ಅಂಜಿಲ್ಲ, ಮುಂದಿಂದಕ್ಕ ಅಂಜ್ಯಾರ. ಸುಳ್ಳು ಹೇಳಿದ್ದು ಎಲ್ಲಾರ ಮುಂದ ಒಪ್ಕೊಂಡಾರ. ನಿಮ್ಮ ಕೈಲೆ ನೀರು ಹಾಕಿ ಶಾಪ ಹಿಂದಕ್ಕ ತಗೋರಿ.”

ಶಾಪ ಹಾಕಿದವರೇ, ಜೀವ ಇರುವಾಗ, ಬಾಯಿಗೆ ನೀರು ಬಿಟ್ಟರೆ ಶಾಪ ಇಳಿಯುತ್ತದೆಂದು ಓಣಿಯ ನಂಬಿಕೆ. ಹುಲಿಗೆವ್ವ ತಂಬಿಗೆಗೆ ಕೈ ಹಾಕಿದಳು. ಆದರೆ ಹಳೆಯ ಸಿಟ್ಟು ಬಿಡಬೇಕಲ್ಲ. ಇವತ್ತೊಂದು ದಿನ ನರಳಲಿ, ಗಂಡನ ಹೆಸರಿಗೆ ಅಷ್ಟಾದರೂ ಬೆಲೆ ಬರಲಿ ಅಂದುಕೊಂಡಳು.

“ನಾಳೆ ಬರ್ತೇನಿ, ಹೋಗು.”

ಮರುದಿನ ಬೆಳಿಗ್ಗೆ ತಂಬಿಗೆ ಹಿಡಿದು ಹೋದರೆ, ಹನಮೇಶನ ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸಿ ಹೂವಿನ ಹಾರ ಹಾಕಿದ್ದರು. ಆದರೂ ಬಾಯಿಗೆ ನೀರು ಬಿಟ್ಟಳು. ಅದು ಗದ್ದದ ಮೇಲೆ ಇಳಿದು ಅಂಗಿ ತೋಯಿಸಿತು. ಜಯಾ ಸೆರಗಿನಿಂದ ಒರೆಸಿದಳು.

ಹುಲಿಗೆವ್ವ ನೇರ ಗುಡಿಗೆ ಹೋಗಿ ಪೂಜಾರಿ ಹುಚ್ಚಪ್ಪನ ಮುಂದೆ ಕುಕ್ಕರಿಸಿದಳು.

“ಅಜ್ಜಾರ, ಅಂವಾ ಹೇಳಿದ್ದು ಒಂದ ಸುಳ್ಳರಿ, ಅದೂ ಹೊಟ್ಟಿಪಾಡಿಗೆ. ಅದಕ್ಕ ಎಂದೆಂದಿಗೂ ನೀರಿಲ್ಲಂದ್ರ, ಇದ್ಯಾವ ನ್ಯಾಯರಿ?”

“ದೇವಿ ಎಲ್ಲಿ ಹೇಳ್ಯಾಳವ್ವಾ? ನೀ ಹೇಳಿದ ನ್ಯಾಯ ಅದು.”

“ಹಂಗಾರ ಆ ಶಾಪ ನಾನ ಬಿಟ್ಟೇನಿ ಅಂತೇನಿ.”

“ಕೇಳಾಕ ಅಂವಾ ಇಲ್ಲಲ್ಲ,” ಅಂದ ಹುಚ್ಚಪ್ಪ.

ಈಗ ಖಾನಾವಳಿಯ ಕೆಲಸ ಮುಗಿದದ್ದೇ ಹುಲಿಗೆವ್ವ ಕೊಡ ಹೊತ್ತು ಹನಮೇಶನನ್ನು ಹೂಳಿದ ಜಾಗಕ್ಕೆ ಹೋಗುತ್ತಾಳೆ. ಅವಳೀಗ ಯಾರನ್ನೂ ಬೈಯುವುದಿಲ್ಲ, ಓಣಿಯಲ್ಲಿ ಯಾರೂ ಹೆದರುವುದಿಲ್ಲ. ಬಿಸಿಲಿಗೆ ಬಿರಿದ ಕರಿಮಣ್ಣು ಸುರಿದ ನೀರನ್ನೆಲ್ಲ ಬಿರುಕಿನೊಳಗೆ ಎಳೆದುಕೊಳ್ಳುತ್ತದೆ, ಮೇಲೆ ಹಸಿ ಕೂಡ ಉಳಿಯುವುದಿಲ್ಲ.

“ಇನ್ನೂ ನೀರಡಿಸೇತಿ ಅಂವಗ,” ಎಂದುಕೊಂಡು ಖಾಲಿ ಕೊಡ ಎತ್ತಿ ಮತ್ತೆ ನಳದ ಕಡೆ ನಡೆಯುತ್ತಾಳೆ.