ಖಾಲಿ ಬಿಟ್ಟಿದ್ದ ಕಣ್ಣುಗಳು

ಎದುರುಮನೆಯ ಆಂಟಿ ಕಣ್ಣಿನ ಪೊರೆ ತೆಗೆಸಿಕೊಂಡು, ಬಲಗಣ್ಣಿಗೆ ಹತ್ತಿಯ ಪ್ಯಾಡ್ ಅಂಟಿಸಿಕೊಂಡು ಕೂತಿದ್ದ ವಾರದಲ್ಲೇ ಅವರ ಚಿತ್ರವನ್ನು ಒಪ್ಪಿಸುವ ಕಡೆಯ ದಿನ ಬಂತು. ಜಕ್ಕೂರಿನ ಚರ್ಚೊಂದರ ಹಾಲ್‌ನಲ್ಲಿ ಈಗಿನ ಕಾಲದ ಕ್ರೈಸ್ತ ಕಲೆಯ ಪ್ರದರ್ಶನವಿತ್ತು. ತಂದದ್ದನ್ನೆಲ್ಲ ಅಲ್ಲಿ ತೂಗುಹಾಕುವುದಿಲ್ಲ. ಮೂವರು ತೀರ್ಪುಗಾರರು ಹೆಸರು ನೋಡದೆ ಆರಿಸುತ್ತಾರೆ. ಆಂಟಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾದವರು, ಒಂಟಿ ಜೀವ. ಮಕ್ಕಳಿಗೆ ಬಣ್ಣ ತುಂಬಿಸುವುದರಲ್ಲೇ ವಯಸ್ಸು ಕಳೆದ ಅವರಿಗೆ ತಮ್ಮದೆನ್ನುವ ಚಿತ್ರ ಇದೊಂದೇ.

ಸತ್ತು ಮಲಗಿದ್ದಲ್ಲಿಂದ ಏಸು ಕೈಹಿಡಿದು ಎಬ್ಬಿಸಿದ ಹನ್ನೆರಡು ವರ್ಷದ ಹುಡುಗಿಯ ಚಿತ್ರ ಅದು. ಆ ಕತೆಯನ್ನು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದು ನನಗೂ ನೆನಪಿತ್ತು. ಏಸುವಿನ ಕೈಯೊಂದೇ ಕಾಣುತ್ತದೆ. ಉಳಿದ ಜಾಗವೆಲ್ಲ ಚಾಪೆ, ಹುಡುಗಿ, ಅವಳ ಎರಡು ಜಡೆ. ಆಂಟಿಯ ಮಗಳೂ ಹನ್ನೆರಡಕ್ಕೇ ಜ್ವರದಲ್ಲಿ ತೀರಿಕೊಂಡವಳು. ನಾವು ವಿದ್ಯಾರಣ್ಯಪುರಕ್ಕೆ ಬರುವುದಕ್ಕೆ ಎಷ್ಟೋ ಮೊದಲಿನ ಮಾತು. ಅವಳ ಒಂದು ಫೋಟೋವನ್ನೂ ಆಂಟಿ ಹೊರಗೆ ಇಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

"ಬಾರ್ಡರ್ ಒಂದು ತುಂಬಿಸ್ಬಿಡಮ್ಮ," ಎಂದರು. "ಬಿಟ್ಟೋಗಿರೋದು ಏನಾದ್ರೂ ಕಂಡ್ರೆ ನೀನೇ ಮುಗ್ಸು. ನಂಗೆ ಎಲ್ಲಾ ಮಂಜು ಮಂಜು."

ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟಾಗ ನಮ್ಮವರು ಕಾಫಿ ಲೋಟ ಹಿಡಿದು ಬಗ್ಗಿ ನೋಡಿದರು. "ಪರ್ವಾಗಿಲ್ವೇ, ಬಾಗಿಲ ರಂಗೋಲಿಯಿಂದ ಚರ್ಚಿಗೇ ಪ್ರಮೋಷನ್ನು! ನನ್ ಟಿಫನ್ ಬಾಕ್ಸ್‌ಗೂ ಬಾರ್ಡರ್ ಹಾಕು, ಅಲ್ಲಾದ್ರೂ ಚೆನ್ನಾಗಿರೋದು ಏನಾದ್ರೂ ಸಿಗ್ಲಿ," ಎಂದು ಆಫೀಸಿಗೆ ಹೊರಟರು.

ಬಾರ್ಡರ್ ಮುಗಿದ ಮೇಲೆ ಮುಖ ನೋಡಿದೆ. ಕಣ್ಣಿನ ಜಾಗದಲ್ಲಿ ಬಾದಾಮಿ ಆಕಾರದ ಎರಡು ಖಾಲಿ ಬಿಳುಪು. ನನಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ತವರಿನಲ್ಲಿ ಅಪ್ಪ ಪ್ರತಿ ವರ್ಷ ಜೇಡಿಮಣ್ಣಿನ ಗೌರಿ ಮಾಡುತ್ತಿದ್ದರು. ಕಣ್ಣು ಯಾವಾಗಲೂ ಕಡೆಗೆ. ಸ್ನಾನ ಮಾಡಿ, ಮೂರ್ತಿಯ ಎದುರು ಕನ್ನಡಿ ಇಟ್ಟು, ಪಕ್ಕದಲ್ಲಿ ಕೂತು, ಕನ್ನಡಿಯಲ್ಲಿ ನೋಡುತ್ತಾ ಬರೆಯಬೇಕು. ಕೊನೆಯ ಚುಕ್ಕೆ ಇಡುವಾಗ ನಮ್ಮ ಮುಖ ಕನ್ನಡಿಯಿಂದ ಹೊರಗಿರಬೇಕು, ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು ಎಂದು ಅವರ ನಿಯಮ. ಮದುವೆಯವರೆಗೆ ಆ ಚುಕ್ಕೆ ಇಡುತ್ತಿದ್ದವಳು ನಾನೇ. ಕಣ್ಣು ಬಾಕಿ ಉಳಿದಿದೆ, ಆಂಟಿಗೆ ಕೈಲಾಗಲಿಲ್ಲ, ನನಗೆ ಬಿಟ್ಟಿದ್ದಾರೆ ಅಂದುಕೊಂಡೆ.

ಸ್ನಾನ ಮಾಡಿ ಬಂದೆ. ನಮ್ಮವರು ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಎದುರಿಗೆ ಒರಗಿಸಿ ಸಣ್ಣ ಕುಂಚ ಹಿಡಿದೆ. ಕೊನೆಯ ಚುಕ್ಕೆ ಇಡುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗಿತು. ಬೆಚ್ಚಿ ತಲೆ ಎತ್ತಿದೆ. ಕನ್ನಡಿಯಲ್ಲಿ ಹುಡುಗಿಯ ಮುಖ, ಅದರ ಪಕ್ಕದಲ್ಲಿ ನನ್ನ ಮುಖ. ಅವಳು ನನ್ನನ್ನು ನೋಡುತ್ತಿದ್ದಳು. ಒದ್ದೆ ಬಣ್ಣ ಹೊಳೆಯುವುದು ಸಹಜ, ಅಂತ ಹೇಳಿಕೊಂಡು ಎದ್ದು ಗ್ಯಾಸ್ ಆರಿಸಿದೆ.

ಬಣ್ಣ ಒಣಗಿದ ಮೇಲೆ ಆಟೋದಲ್ಲಿ ಜಕ್ಕೂರಿಗೆ ಒಯ್ದೆ. ಹಾಲ್‌ನ ಮೇಜಿನ ಹಿಂದಿದ್ದ ಹೆಂಗಸು ಚಿತ್ರದ ಬೆನ್ನಿಗೆ ನಂಬರ್ ಅಂಟಿಸಿ, ಹೆಸರಿನ ಮೇಲೆ ಬಿಳಿ ಕಾಗದ ಹಚ್ಚಿ, ತಿರುಗಿಸಿ ನೋಡಿದಳು. "ಅಯ್ಯಪ್ಪಾ, ಯಾಕ್ ಹಿಂಗ್ ನೋಡ್ತಾಳ್ರೀ ಇವ್ಳು?" ಎಂದು ನಕ್ಕಳು. ನಗುತ್ತಲೇ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಸಾಲಿನಲ್ಲಿದ್ದ ಬೇರೆ ಯಾವ ಚಿತ್ರವನ್ನೂ ಹಾಗೆ ತಿರುಗಿಸಿರಲಿಲ್ಲ.

ಚಿತ್ರ ಆಯ್ಕೆಯಾಯಿತು. ಉದ್ಘಾಟನೆಯ ಭಾನುವಾರ ಮಧ್ಯಾಹ್ನ ಆಂಟಿ ಗಂಜಿ ಹಾಕಿದ ಸೀರೆ ಉಟ್ಟು, ಕಪ್ಪು ಕನ್ನಡಕ ಹಾಕಿ, ನನ್ನ ಕೈ ಹಿಡಿದು ಬಂದರು. ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದ ಫಾದರ್. ಬಾಗಿಲಲ್ಲೇ ಎದುರಾಗಿ ಹೆಸರು ಕೇಳಿದರು.

"ನಾವ್ ಮೂರ್ ಜನಾನೂ ಜಗಳ ಆಡ್ದೆ ಒಪ್ಪಿದ್ದು ನಿಮ್ದೊಂದೇ ಕಣಮ್ಮ. ಕಾಫಿಗೆ ಸಕ್ರೆ ಎಷ್ಟು ಅನ್ನೋದಕ್ಕೂ ನಮ್ಗೆ ಒಮ್ಮತ ಇಲ್ಲ. ಆದ್ರೆ ಆ ಕಣ್ಣು ನೋಡಿ ಎಲ್ರೂ ಸುಮ್ನಾಗ್ಬಿಟ್ವಿ."

"ಕಣ್ಣಾ?" ಎಂದರು ಆಂಟಿ. "ನಾನು ಕಣ್ಣು ಬರ್ದೇ ಇಲ್ವಲ್ಲ ಫಾದರ್."

ನನ್ನ ಕೈಯೊಳಗಿದ್ದ ಅವರ ಬೆರಳುಗಳು ಬಿಡಿಸಿಕೊಂಡವು. ನಾನು ಬಾಗಿಲ ಹತ್ತಿರವೇ ನಿಂತೆ. ಅವರೊಬ್ಬರೇ ಚಿತ್ರದವರೆಗೆ ಹೋದರು. ಚೌಕಟ್ಟಿನ ಮೂಲೆಯಲ್ಲಿ ತೀರ್ಪುಗಾರರ ಮೆಚ್ಚುಗೆಯ ನೀಲಿ ರಿಬ್ಬನ್ ಇತ್ತು. ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. ಹೊರಗೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ತಗ್ಗಿನಲ್ಲಿ ಗುಯ್‌ಗುಟ್ಟುತ್ತಾ ಹೋಯಿತು. ಆಮೇಲೆ ಅವರು ಎರಡು ಹೆಜ್ಜೆ ಎಡಕ್ಕೆ ಸರಿದರು. ಎರಡು ಹೆಜ್ಜೆ ಬಲಕ್ಕೆ. ಮತ್ತೆ ಎಡಕ್ಕೆ.

ಹತ್ತಿರ ಹೋಗಿ, "ತಪ್ಪಾಯ್ತು ಆಂಟಿ, ಬಾಕಿ ಇದೆ ಅಂದ್ಕೊಂಡೆ," ಎಂದೆ.

"ಮುಚ್ಚಿದ್ದನ್ನ ನೋಡಿದೀನಿ, ಅದನ್ನ ಬರ್ಯೋಕ್ ಆಗ್ಲಿಲ್ಲ. ತೆಗ್ದಿರೋದನ್ನ ಬರ್ಯೋಕೆ ಧೈರ್ಯ ಬರ್ಲಿಲ್ಲ. ಅದ್ಕೇ ಖಾಲಿ ಬಿಟ್ಟಿದ್ದು." ಅವರ ದನಿ ತರಗತಿಯಲ್ಲಿ ಪಾಠ ಹೇಳುವಷ್ಟು ಶಾಂತವಾಗಿತ್ತು. "ಎಡಗಣ್ಣಿನ ಪಾಪೆ ಒಂಚೂರು ಕೆಳಗಿತ್ತು ನನ್ ಮಗಳ್ದು. ನಿಂಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಕನ್ನಡಿ ಓರೆಯಾಗಿ ಒರಗಿತ್ತು, ಅದರಿಂದ ಹಾಗಾಗಿರಬೇಕು. ಅವತ್ತೂ ಹಾಗೇ ಅಂದುಕೊಂಡೆ, ಇವತ್ತೂ ಹಾಗೇ ಅಂದುಕೊಳ್ಳುತ್ತೇನೆ.

"ಅವಳೇ ಕಣಮ್ಮ. ಆದ್ರೆ ನನ್ನ ನೋಡ್ತಿಲ್ಲ." ಆಂಟಿ ನನ್ನ ಕಡೆ ತಿರುಗಿದರು. "ನಿನ್ನ ನೋಡ್ತಾಳೆ. ನೀನು ಬಾಗ್ಲಲ್ಲಿದ್ದಾಗ ಬಾಗ್ಲು ನೋಡ್ತಿದ್ಳು."

ಬರೆದ ಕಣ್ಣು ಎಲ್ಲರನ್ನೂ ನೋಡಿದ ಹಾಗೆ ಕಾಣುತ್ತದೆ ಎಂದು ಹೇಳಬೇಕೆಂದು ಚಿತ್ರದ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕನ್ನಡಿ, ಕುಕ್ಕರ್, ಅಪ್ಪನ ನಿಯಮ, ಎಲ್ಲ ಹೇಳಿಬಿಟ್ಟೆ. ಅವರು ತಲೆಯಾಡಿಸುತ್ತಾ ಕೇಳಿದರು.

"ಅಳಿಸ್ಬಿಡ್ಲಾ ಆಂಟಿ?"

"ಇನ್ನೊಂದ್ಸಲ ಮುಚ್ಚಿಸ್ತೀಯಾ?" ಎಂದರು.

ಆಂಟಿ ನೇರ ಫಾದರ್ ಬಳಿ ಹೋಗಿ ಕಣ್ಣು ತಮ್ಮ ಕೈಯದಲ್ಲ ಎಂದು ತಿಳಿಸಿದರು. ಬಾರ್ಡರ್ ಬಿಟ್ಟು ಉಳಿದದ್ದೆಲ್ಲ ಸ್ವಂತದ್ದು ಎಂದು ಸಹಿ ಮಾಡಿದ್ದರಿಂದ ಚಿತ್ರವನ್ನು ಪ್ರದರ್ಶನದಿಂದ ತೆಗೆಯಲೇಬೇಕಾಯಿತು. ಫಾದರ್ ತಾವೇ ರಿಬ್ಬನ್ ಬಿಚ್ಚಿದರು. ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಆಟೋದಲ್ಲಿ ಚಿತ್ರ ಆಂಟಿಯ ಮಡಿಲಲ್ಲಿತ್ತು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಾಗ ಅವರು ಅದನ್ನು ತಮ್ಮ ಮುಖದ ಹತ್ತಿರ ತಂದು ನೋಡುತ್ತಿದ್ದರು, ಆಮೇಲೆ ನನ್ನ ಕಡೆ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನದಿಂದ ದಿನಾ ಮೂರೂವರೆಗೆ ಅವರ ಮನೆಗೆ ಹೋಗುತ್ತೇನೆ. ಅವರೇ ಕರೆದದ್ದು. ಚಿತ್ರದ ಎದುರು ಬೆನ್ನಿಲ್ಲದ ಒಂದು ಉದ್ದ ಬೆಂಚು ಹಾಕಿದ್ದಾರೆ. ನಾನು ಕೂರುತ್ತೇನೆ, ಅವರು ನನಗೆ ಅಂಟಿಕೊಂಡು ಕೂತು ಗಲ್ಲವನ್ನು ನನ್ನ ಭುಜದ ಹತ್ತಿರ ತರುತ್ತಾರೆ. "ಇಲ್ಲಿ ಕೂತ್ರೆ ನಂಗೂ ಒಂದ್ಸ್ವಲ್ಪ ಸಿಗ್ತಾಳೆ," ಎನ್ನುತ್ತಾರೆ. ಅವರ ಉಸಿರಿನಲ್ಲಿ ಏಲಕ್ಕಿಯ ವಾಸನೆ. ಆಗಾಗ, "ಆ ಕಡೆ ಒಂಚೂರು ಜರುಗಮ್ಮ," ಎನ್ನುತ್ತಾರೆ. ದಿನಕ್ಕೆ ಒಂದು ಬೆರಳಿನಷ್ಟು ಜರುಗುತ್ತೇನೆ. ನಾನು ಬಿಟ್ಟ ಜಾಗಕ್ಕೆ ಅವರು ಬರುತ್ತಾರೆ.

ನಿನ್ನೆ ನಾನು ಬೆಂಚಿನ ತುದಿಗೆ ಬಂದಿದ್ದೆ. "ಇನ್ನೊಂಚೂರು," ಎಂದರು ಆಂಟಿ. ಒಂದು ಕಾಲು ನೆಲಕ್ಕೆ ಊರಿ ಜರುಗಿದೆ. ಹುಡುಗಿಯ ನೋಟ ನನ್ನ ಜೊತೆ ಬರಲಿಲ್ಲ, ಆಂಟಿಯ ಮೇಲೆ ನಿಂತಿತು. ಆಂಟಿ ಉಸಿರು ಹಿಡಿದರು, ಅವರ ಕೈ ನನ್ನ ಮೊಣಕೈಯನ್ನು ಮೆಲ್ಲಗೆ ಹೊರಕ್ಕೆ ತಳ್ಳುತ್ತಿತ್ತು. ನಾನು ಎದ್ದು, ಸದ್ದಾಗದ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು, ಹಿಂತಿರುಗಿ ನೋಡದೆ ಮನೆಗೆ ಬಂದೆ.